ನುಡಿನಮನದಲ್ಲಿ ಮಾತಾಡಿದ ಹೊಟ್ಟೆ

ನಾನು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅದು ಸಂಬಳದ ಕೆಲಸ. ಹೆಮ್ಮೆಯ ಕೆಲಸ ಬೇರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲೇ ವೇದಿಕೆ ಹಾಕಿದರೂ ನಿರೂಪಣೆಗೆ ನನ್ನನ್ನು ಕರೆಯುತ್ತಾರೆ. ನಿವೃತ್ತಿ ಸಮಾರಂಭ, ಪುಸ್ತಕ ಬಿಡುಗಡೆ, ಸಹಕಾರಿ ಸಂಘದ ವಾರ್ಷಿಕ ಸಭೆ, ನುಡಿನಮನ, ಯಾವುದಾದರೂ ನಡೆದೀತು. ನನ್ನ ದನಿ ಚೆನ್ನಾಗಿದೆ ಎಂದು ಮೊಟ್ಟಮೊದಲು ಯಾರು ಹೇಳಿದರೋ ನೆನಪಿಲ್ಲ. ಅವರು ಒಂದೇ ಸಲ ಹೇಳಿರಬೇಕು. ಆಮೇಲಿನದನ್ನೆಲ್ಲ ನಾನೇ ಹೇಳಿಕೊಂಡು ಬಂದಿದ್ದೇನೆ.

ನನ್ನ ಬಳಿ ಒಂದು ನೀಲಿ ಫೈಲು ಇದೆ. ಅದರಲ್ಲಿ ಸಂದರ್ಭಕ್ಕೆ ತಕ್ಕ ಮಾತುಗಳನ್ನು ಬರೆದು ಇಟ್ಟಿದ್ದೇನೆ. ಹೆಸರು ಬರಬೇಕಾದಲ್ಲಿ ಒಂದು ಗೀಟು ಎಳೆದು ಜಾಗ ಬಿಟ್ಟಿರುತ್ತೇನೆ. ನಿವೃತ್ತರಾದವರೆಲ್ಲ ಕಾಯಕಯೋಗಿಗಳು, ಪುಸ್ತಕ ಬರೆದವರೆಲ್ಲ ಸರಸ್ವತಿಯ ಮಕ್ಕಳು, ತೀರಿಕೊಂಡವರೆಲ್ಲ ದಾರಿದೀಪಗಳು. ಇಷ್ಟು ವರ್ಷಗಳಲ್ಲಿ ಯಾವ ದಾರಿದೀಪದ ಮನೆಯವರೂ ತಕರಾರು ಮಾಡಿಲ್ಲ.

ಕಳೆದ ವರ್ಷ ಕಿತ್ತೂರಿನ ಒಂದು ನಿವೃತ್ತಿ ಸಮಾರಂಭದ ವಿಡಿಯೊವನ್ನು ಯಾರೋ ಫೋನಿಗೆ ಕಳಿಸಿದರು. ನನ್ನ ದನಿ ಕೇಳುವ ಆಸೆಯಿಂದ ತೆರೆದೆ. ಪರದೆಯ ಎಡಗಡೆಯಿಂದ ಮೊದಲು ಒಂದು ಹೊಟ್ಟೆ ವೇದಿಕೆಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅದರ ಹಿಂದೆ ನಾನು ಬಂದೆ. ಮೈಮೇಲಿದ್ದ ಖಾದಿ ಜಾಕೀಟಿನ ಮೂರು ಗುಂಡಿಗಳಲ್ಲಿ ಒಂದು ಮಾತ್ರ ಹಾಕಿತ್ತು, ಅದೂ ಉಸಿರು ಬಿಗಿಹಿಡಿದು ನಿಂತಂತೆ ಕಾಣುತ್ತಿತ್ತು. ವಿಡಿಯೊ ಪೂರ್ತಿ ನೋಡಲಾಗಲಿಲ್ಲ. ಮರುದಿನ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹತ್ತಿರ ಹೋಗಿ, ಬೇರೆ ಯಾರಿಗೋ ಕೇಳುವವನ ಹಾಗೆ, ಹೊಟ್ಟೆ ಕರಗಿಸುವ ಉಪಾಯ ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಿಮ್ಮಂಥವ್ರು ಓಡೂದು ಬ್ಯಾಡ್ರಿ ಸರ, ಹದಿನಾರು ತಾಸಿನ ಉಪವಾಸ ಹಿಡೀರಿ” ಎಂದರು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿದರೆ ಮರುದಿನ ಮಧ್ಯಾಹ್ನ ಒಂದರವರೆಗೆ ನೀರು ಬಿಟ್ಟು ಬೇರೇನೂ ಇಲ್ಲ.

ಬೆಳಿಗ್ಗೆ ಉಪ್ಪಿಟ್ಟಿನ ತಾಟನ್ನು ಹಿಂದಕ್ಕೆ ಸರಿಸಿದಾಗ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

“ಯಾಕ್ರೀ? ಉಪ್ಪ ಹೆಚ್ಚಾತೇನು?”

“ಉಪ್ಪಿನ ಮಾತಲ್ಲ. ಇವತ್ತಿನಿಂದ ಒಂದರ ತನಕಾ ನಾ ಏನೂ ತಿನ್ನಂಗಿಲ್ಲ. ಹೊಟ್ಟಿಗೆ ವಿಶ್ರಾಂತಿ ಕೊಡಾಕತ್ತೇನಿ.”

“ವಿಶ್ರಾಂತಿ ಕೊಡುವಂಥಾದ್ದು ನಿಮ್ಮ ಹೊಟ್ಟಿ ಏನ ದುಡದೈತ್ರಿ?”

“ಇಪ್ಪತ್ತಾರು ವರ್ಷದಿಂದ ನಿನ್ನ ಕೈ ಅಡಗಿ ಅರಗಿಸೈತಿ. ಅದ ಸಣ್ಣ ಕೆಲಸೇನು?”

ಇದು ಚಮತ್ಕಾರದ ಉತ್ತರವೆಂದು ನನಗೆ ಆ ಕ್ಷಣಕ್ಕೆ ಅನ್ನಿಸಿತ್ತು. ಮುಂದಿನ ಎರಡು ದಿನ ಮಧ್ಯಾಹ್ನ ಒಂದಾದ ಮೇಲೂ ನನ್ನ ತಾಟು ನಾನೇ ಹುಡುಕಿಕೊಳ್ಳಬೇಕಾಯಿತು.

ಹೊಟ್ಟೆ ಮಾತಾಡತೊಡಗಿದ್ದು ನಾಲ್ಕನೆಯ ದಿನದಿಂದ. ಬೆಳಿಗ್ಗೆ ಹತ್ತೂವರೆಗೆ ಮೊದಲ ಸಲ, ಆಮೇಲೆ ಹನ್ನೆರಡರ ಸುಮಾರಿಗೆ ಇನ್ನೊಂದು ಸಲ, ಸಮಯಕ್ಕೆ ಸರಿಯಾಗಿ ಬರುವ ಬಸ್ಸಿನ ಹಾಗೆ ಬರುತ್ತಿತ್ತು. ಮೊದಲು ಕುಂಯ್ ಎಂಬ ಸಣ್ಣ ದನಿ, ನಂತರ ಗುಡುಗುಡು, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ದನಿ ಏರಿಸಿ ನಿಲ್ಲುತ್ತಿತ್ತು. ಶಿಕ್ಷಕರ ಕೋಣೆಯಲ್ಲಿ ಅದು ಎದ್ದಾಗಲೆಲ್ಲ ನಾನು ಕುರ್ಚಿ ಎಳೆಯುತ್ತಿದ್ದೆ, ಕೆಮ್ಮುತ್ತಿದ್ದೆ. ಮೂರು ವಾರಕ್ಕೆ ಜಾಕೀಟಿನ ಎರಡನೆಯ ಗುಂಡಿ ಹಾಕಲು ಬಂತು. ಆ ಸಂತೋಷದಲ್ಲಿ ಸದ್ದಿನ ಚಿಂತೆ ಬಿಟ್ಟೆ.

ಆ ಹೊತ್ತಿನಲ್ಲಿ ರಾಮದುರ್ಗದಿಂದ ಫೋನು ಬಂತು. ಖಾನಾವಳಿಯ ದೊಡ್ಡಕ್ಕ ತೀರಿಕೊಂಡಿದ್ದರು.

ನನ್ನ ಮೊದಲ ನೌಕರಿ ರಾಮದುರ್ಗದಲ್ಲಿ. ಮದುವೆ ಆಗುವವರೆಗೆ ನಾಲ್ಕು ವರ್ಷ ನಾನು ಎರಡು ಹೊತ್ತೂ ಉಂಡದ್ದು ಅಕ್ಕತಂಗಿಯರಿಬ್ಬರು ನಡೆಸುತ್ತಿದ್ದ ಖಾನಾವಳಿಯಲ್ಲಿ. ಅಕ್ಕ ಒಲೆಯ ಮುಂದೆ, ತಂಗಿ ನೀಡಲು. ನಾವು ಅವರನ್ನು ದೊಡ್ಡಕ್ಕಾರು, ಸಣ್ಣಕ್ಕಾರು ಎನ್ನುತ್ತಿದ್ದೆವು. ಅಲ್ಲಿ ಉಂಡು ಬೆಳೆದ ಶಿಕ್ಷಕರು, ವಕೀಲರು, ಬ್ಯಾಂಕಿನವರು ಎಲ್ಲ ಸೇರಿ ಈಗ ದೊಡ್ಡಕ್ಕನಿಗೆ ನುಡಿನಮನ ಇಟ್ಟುಕೊಂಡಿದ್ದರು. “ನಿರೂಪಣೆ ನೀವ ಮಾಡಬೇಕು ನೋಡ್ರಿ. ನೀವೂ ಅಲ್ಲೇ ಉಂಡವ್ರು” ಎಂದರು. ಒಪ್ಪಿಕೊಂಡೆ. ದುಃಖವಾಯಿತು ಎಂಬುದು ನಿಜ. ಫೋನು ಇಟ್ಟ ತಕ್ಷಣ ನೀಲಿ ಫೈಲು ತೆಗೆದದ್ದೂ ನಿಜ. ಹಿಂದಿನ ತಿಂಗಳು ಕಿತ್ತೂರಿನಲ್ಲಿ ಒಬ್ಬ ಸಿಮೆಂಟು ವ್ಯಾಪಾರಿಯ ನುಡಿನಮನಕ್ಕೆ ಓದಿದ ಹಾಳೆ ಮೇಲೆಯೇ ಇತ್ತು. ಅದರಲ್ಲಿ ‘ಅವನು’ ಇದ್ದಲ್ಲಿ ‘ಅವಳು’ ಎಂದು ತಿದ್ದಿದೆ. ಐದು ನಿಮಿಷದ ಕೆಲಸ.

ರವಿವಾರ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸು ಹಿಡಿದಾಗ ಒಂಬತ್ತರ ಮೇಲಾಗಿತ್ತು. ದೇವಿಯ ಗುಡ್ಡಕ್ಕೆ ಹೋಗಿ ತಿರುಗಿ ಊರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕುಳಿತಳು. ಹಣೆತುಂಬ ಭಂಡಾರದ ಅರಿಸಿನ, ತೊಡೆಯ ಮೇಲೆ ಬುಟ್ಟಿ. ಬುಟ್ಟಿಯ ಮೇಲಿನ ಅರಿವೆ ಸರಿದಾಗೊಮ್ಮೆ ಕರಿಗಡುಬಿನ ವಾಸನೆ ಬರುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಹೊಟ್ಟೆ ಮಾತ್ರ ಬುಟ್ಟಿಯ ಕಡೆ ಮುಖ ಮಾಡಿತ್ತು. ತನ್ನ ಸಮಯಕ್ಕಿಂತ ಒಂದು ತಾಸು ಮೊದಲೇ ಗುರುಗುಟ್ಟಿತು.

ಆಕೆ ನನ್ನ ಭುಜ ಮುಟ್ಟಿದಳು. “ಅಣ್ಣಾರ, ನಿಮ್ಮ ಫೋನು ಗುರಗುರು ಅನ್ನಾಕತ್ತೈತಿ ನೋಡ್ರಿ.”

ನಾಲ್ಕು ತಾಲ್ಲೂಕಿನ ನಿರೂಪಕನಾದ ನಾನು ಅದು ನನ್ನ ಹೊಟ್ಟೆ ಎಂದು ಹೇಳುವುದೇ? ಜೇಬಿನಿಂದ ಫೋನು ತೆಗೆದು ಕಿವಿಗೆ ಇಟ್ಟೆ. “ಹಾಂ, ಹೇಳ್ರಿ. ಬರಾಕತ್ತೇನ್ರಿ. ಹತ್ತೂವರಿಗೆ ಮುಟ್ಟತೇನಿ” ಎಂದು ಗಂಭೀರವಾಗಿ ಮಾತಾಡಿದೆ. ಆಕೆ ತಾಳ್ಮೆಯಿಂದ ನನ್ನ ಮಾತು ಮುಗಿಯುವವರೆಗೆ ಕಾದಳು.

“ತಲಿಕೆಳಗ ಹಿಡದೀರಿ” ಎಂದಳು. ಆಮೇಲೆ ಬುಟ್ಟಿಯಿಂದ ಒಂದು ಕರಿಗಡುಬು ತೆಗೆದು ಮುಂದೆ ಹಿಡಿದಳು. “ತಗೋರಿ, ಪ್ರಸಾದೈತಿ.”

“ಒಂದರ ತನಕಾ ತಿನ್ನಂಗಿಲ್ರಿ” ಎಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿ, ಸಕ್ಕರೆ ರೋಗವೇ ಎಂದು ಕೇಳಿದಳು. ಹೌದು ಎಂದೆ. ಆ ಬೆಳಿಗ್ಗೆ ನಾನು ಹೇಳಿದ ಎರಡನೆಯ ಸುಳ್ಳು ಅದು.

ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಣ್ಣಕ್ಕ ಕುಳಿತಿದ್ದರು. ಎಪ್ಪತ್ತು ದಾಟಿದ್ದಾರೆ, ಬೆನ್ನು ಸ್ವಲ್ಪ ಬಾಗಿದೆ, ಕಣ್ಣು ಮಾತ್ರ ಯಾರ ತಾಟಿನಲ್ಲಿ ಏನು ಮುಗಿದಿದೆ ಎಂದು ನೋಡುತ್ತಿದ್ದ ಅದೇ ಕಣ್ಣು. ನನ್ನನ್ನು ಕಂಡು, “ಸೊರಗೀರಲ್ರೀ ಮಾಸ್ತರ” ಎಂದರು. ಒಂದು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ಅವರು ಅದನ್ನು ಹೊಗಳಿಕೆಯಾಗಿ ಹೇಳಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮೈಕಿನವರು ಬಂದರು. ಕೈಯಲ್ಲಿ ಹಿಡಿಯುವ ಮೈಕಿನ ಬದಲು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ತಂದಿದ್ದರು. “ಹೊಸಾದ್ರಿ ಸರ. ವಾಯರ ಇಲ್ಲ, ಎಲ್ಲಿ ಬೇಕಾದಲ್ಲಿ ಓಡ್ಯಾಡ್ರಿ. ಸೂಜಿ ಬಿದ್ದರೂ ಕೇಳತೈತಿ” ಎಂದು ಕೊರಳ ಹತ್ತಿರ ಸಿಕ್ಕಿಸಲು ಬಂದರು. ಅಲ್ಲಿ ಸಿಕ್ಕಿಸಿದರೆ ಫೋಟೊದಲ್ಲಿ ಕರಿ ಹುಳು ಕುಳಿತಂತೆ ಕಾಣುತ್ತದೆ ಎಂದು ನನಗೆ ಅನ್ನಿಸಿತು. “ಕೆಳಗ ಹಾಕ್ರಿ” ಎಂದೆ. ಹೊಸದಾಗಿ ಹಾಕಲು ಬಂದಿದ್ದ ಎರಡನೆಯ ಗುಂಡಿಯ ಹತ್ತಿರ ಹಾಕಿಸಿಕೊಂಡೆ. ಆ ಗುಂಡಿಯ ಕಡೆಗೆ ಜನರ ಗಮನ ಹೋಗಲಿ ಎಂಬ ಆಸೆಯೂ ಇತ್ತು.

ಹನ್ನೊಂದಕ್ಕೆ ಎಂದಿದ್ದ ಕಾರ್ಯಕ್ರಮ ಮುಖ್ಯ ಅತಿಥಿಗಳಿಗಾಗಿ ಕಾದು ಹನ್ನೆರಡಕ್ಕೆ ಆರಂಭವಾಯಿತು. ಅತಿಥಿಗಳು ನಿವೃತ್ತ ಅಧಿಕಾರಿಗಳು, ಅವರೂ ಒಂದು ಕಾಲಕ್ಕೆ ಅದೇ ಖಾನಾವಳಿಯಲ್ಲಿ ಉಂಡವರು. ನಾನು ಹಾಳೆ ತೆಗೆದು ನನ್ನ ಮಾಮೂಲಿ ದನಿಯಲ್ಲಿ ಓದಿದೆ. ‘ಗಟ್ಟಿ ತಳಪಾಯದ ಬಾಳು ಬಾಳಿದವಳು, ಎಷ್ಟೋ ಮನೆಗಳು ನಿಲ್ಲಲು ಆಸರೆಯಾದವಳು’ ಎಂದೆಲ್ಲ ಬಂತು. ಸಭೆ ತಲೆದೂಗಿತು. ವೇದಿಕೆಯ ಹಿಂದಿನ ಅಡುಗೆಮನೆಯಿಂದ ಬದನೆಕಾಯಿ ಎಣಗಾಯಿಯ ಒಗ್ಗರಣೆ ಗಾಳಿಯಲ್ಲಿ ತೇಲಿ ಬರುತ್ತಿತ್ತು.

“ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ದನಿ ತಗ್ಗಿಸಿ, “ಈ ಮೌನದಲ್ಲಿ ನಮಗೆ ಆ ತಾಯಿಯ ಕರೆ ಕೇಳಿಸಲಿ” ಎಂದು ಸೇರಿಸಿದೆ.

ಹತ್ತು ಸೆಕೆಂಡು ಆಗಿರಬೇಕು. ಕುಂಯ್ ಎಂದಿತು.

ಭವನದ ನಾಲ್ಕು ಮೂಲೆಗಳಲ್ಲಿದ್ದ ನಾಲ್ಕು ದೊಡ್ಡ ಸ್ಪೀಕರುಗಳಿಂದ ಒಟ್ಟಿಗೆ ಕೇಳಿದ ಕುಂಯ್. ಅದರ ಹಿಂದೆಯೇ ಗುಡುಗುಡು ಬಂತು, ಚಳಿಯಲ್ಲಿ ಹಳೆಯ ಟ್ರ್ಯಾಕ್ಟರು ಚಾಲೂ ಆಗುವಾಗ ಬರುತ್ತದಲ್ಲ, ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಕಿಟಕಿಯಿಂದ ಆಕಾಶ ನೋಡಿದರು ಎಂದು ಆಮೇಲೆ ತಿಳಿಯಿತು. ಮೈಕಿನವರು “ಎಲ್ಲ್ಯೋ ವಾಯರ ಲೂಜ್ ಆಗೈತಿ” ಎಂದು ಪಿಸುಗುಟ್ಟುತ್ತ ಬಾಗಿಲ ಹತ್ತಿರದ ಸ್ಪೀಕರಿನ ಕಡೆಗೆ ಓಡಿದರು. ನಾನು ಕಣ್ಣು ಇನ್ನಷ್ಟು ಗಟ್ಟಿಯಾಗಿ ಮುಚ್ಚಿದೆ. ಉಸಿರು ಒಳಗೆ ಎಳೆದುಕೊಂಡರೆ ನಿಂತೀತು ಎಂದುಕೊಂಡು ಎಳೆದುಕೊಂಡೆ. ಒಳಗೆ ಗಾಳಿ ಹೋದದ್ದೇ ತಡ, ಎರಡನೆಯ ಸಲ ಮೊದಲಿಗಿಂತ ಉದ್ದವಾಗಿ, ಏರಿಳಿತದ ಸಮೇತ ಬಂತು. ಎಲ್ಲಿಯೋ ಒಬ್ಬ ಹೆಂಗಸು ನಗು ನುಂಗಲಾರದೆ ಸೆರಗು ಬಾಯಿಗೆ ತುರುಕಿಕೊಂಡ ಸಪ್ಪಳ ಕೇಳಿತು. ಒಂದು ನಿಮಿಷ ಎಷ್ಟು ದೊಡ್ಡದು ಎಂಬುದು ಸಭೆಗಳಲ್ಲಿ ಅದನ್ನು ಹಂಚುತ್ತ ಬಂದ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆ ನಿಮಿಷ ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಸಣ್ಣಕ್ಕನ ದನಿ ಎದ್ದಿತು.

“ಯಾರ ಹೊಟ್ಟಿರೀ ಅದು?”

ಸಣ್ಣಕ್ಕ ಕೋಲು ಊರುತ್ತ ವೇದಿಕೆಯ ಮೆಟ್ಟಿಲು ಹತ್ತಿ ನೇರವಾಗಿ ನನ್ನ ಮುಂದೆ ಬಂದು ನಿಂತರು. ನಾನು ಕಣ್ಣು ತೆರೆಯಲೇಬೇಕಾಯಿತು.

“ಮಾಸ್ತರ, ಮುಂಜಾನಿ ಏನ ತಿಂದೀರಿ?”

“ಏನೂ ಇಲ್ರಿ ಸಣ್ಣಕ್ಕಾರ. ಉಪವಾಸ ಅದೇನಿ.” ನನ್ನ ಮಾತು ನಾಲ್ಕೂ ಸ್ಪೀಕರುಗಳಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಇವತ್ತ ಯಾವ ದೇವರ ಉಪವಾಸರೀ?”

“ದೇವರದಲ್ರಿ. ಹೊಟ್ಟಿ ಕರಗಸಾಕ ಹಿಡದೇನ್ರಿ.”

ಸಭೆಯಲ್ಲಿ ನಗು ಒಡೆಯಿತು. ಸಣ್ಣಕ್ಕ ನಗಲಿಲ್ಲ. “ಹಸದವರನ್ನ ನಿಂದರಿಸಿ ನೋಡಕೋತ ಕುಂಡ್ರೂ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ಇದ್ದಿದ್ರ ನನಗ ಬೈತಿದ್ಲು. ಬರ್ರಿ ಇಲ್ಲೆ” ಎಂದು ನನ್ನ ಮುಂಗೈ ಹಿಡಿದುಕೊಂಡರು. ವೇದಿಕೆಯ ಹಿಂದಿನ ಬಾಗಿಲಿನಿಂದ ನನ್ನನ್ನು ಎಳೆದುಕೊಂಡು ಹೋದರು. ಹಿಂದೆ ಮುಖ್ಯ ಅತಿಥಿಗಳು ಗಂಟಲು ಸರಿಮಾಡಿಕೊಂಡು ತಮ್ಮ ಭಾಷಣ ಶುರುಮಾಡಿದ್ದು ಕೇಳಿಸಿತು.

ಅಡುಗೆಮನೆಯಲ್ಲಿ ಒಂದು ಮಣೆಯ ಮೇಲೆ ಕೂರಿಸಿ ತಾಟು ಇಟ್ಟರು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಒಂದು ಬಟ್ಟಲು ಸಾರು. ಗಡಿಯಾರ ನೋಡಿದೆ. ಒಂದಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ರೊಟ್ಟಿ ಮುರಿದೆ. ಮೊದಲ ರೊಟ್ಟಿ ಮುಗಿಯಿತು. ಎರಡನೆಯದರ ನಡುವೆ ನನ್ನ ಕಣ್ಣಲ್ಲಿ ನೀರು ಬಂತು. ಹಿಂಡಿಯ ಖಾರ ಎಂದು ಹೇಳಬಹುದಿತ್ತು, ಆದರೆ ಅವತ್ತಿನ ಸುಳ್ಳುಗಳು ಸಾಕಾಗಿದ್ದವು.

“ಸಣ್ಣಕ್ಕಾರ, ನಾ ಒಂದು ಮಾತ ಹೇಳಬೇಕ್ರಿ.”

“ಮೊದಲ ಉಣ್ರಿ.”

“ಈಗ ನಾ ದೊಡ್ಡಕ್ಕಾರ ಬಗ್ಗೆ ಓದಿದೆನಲ್ರಿ, ಅದು ಅವರ ಸಲುವಾಗಿ ಬರದದ್ದಲ್ರಿ. ಹೋದ ತಿಂಗಳ ಕಿತ್ತೂರಾಗ ಒಬ್ಬ ಸಿಮೆಂಟ್ ವ್ಯಾಪಾರಿಗೆ ಓದಿದ್ದ ಹಾಳಿರಿ ಅದು.”

ಸಣ್ಣಕ್ಕ ನನ್ನ ಬಟ್ಟಲಿಗೆ ಇನ್ನಷ್ಟು ಸಾರು ಬಿಟ್ಟರು. “ಅದಕ್ಕೇನ ಗಟ್ಟಿ ತಳಪಾಯ ಅಂತ ಬಂದಿದ್ದು? ನಾ ಅಂದ್ಕೊಂಡೆ, ಅಕ್ಕನ ರೊಟ್ಟಿ ಬಗ್ಗೆ ಅಂತ.”

ನನಗೆ ನಗು ಬಂತು, ಅಳುವೂ ಬಂತು, ಬಾಯಲ್ಲಿ ತುತ್ತೂ ಇತ್ತು. ಅದನ್ನು ನುಂಗಿ ಮುಂದಿನದನ್ನೂ ಹೇಳಿಬಿಟ್ಟೆ. “ಇನ್ನೊಂದು ಐತ್ರಿ. ಭಾಳ ಹಳೇದು. ನೀರಿನ ಹಂಡೆ ಹತ್ರ ಗ್ವಾಡಿಗೆ ಒಂದು ಪದ್ಯ ಅಂಟಿಸಿದ್ರಲ್ರಿ ಯಾರೋ. ಅದು ನಾನ್ರಿ.”

ಆ ಪದ್ಯ ನನಗೆ ಇವತ್ತಿಗೂ ಬಾಯಿಪಾಠ. ನನ್ನ ಜೀವಮಾನದಲ್ಲಿ ಜನ ತಾವಾಗಿಯೇ ಕಲಿತು ಹೇಳಿದ ನನ್ನ ಪದ್ಯ ಅದೊಂದೇ. ‘ಸಾರಿನೊಳಗೆ ಮುಳುಗಿ ನೋಡ್ದೆ, ಬ್ಯಾಳಿ ಒಂದು ಸಿಕ್ಕಿತು. ಜೋಡಿ ಯಾರೂ ಇಲ್ಲ ಅಂತ ಗೋಳೋ ಅಂತ ಅತ್ತಿತು.’ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ, ಎಡಗೈಯಲ್ಲಿ ಬರೆದಿದ್ದೆ, ಅಕ್ಷರ ಗುರುತು ಸಿಗಬಾರದೆಂದು.

“ಅದು ನಿಮ್ಮದ ಅಂತ ಅವತ್ತ ಗೊತ್ತಾಗಿತ್ತ ತಗೋರಿ” ಎಂದರು ಸಣ್ಣಕ್ಕ.

“ಹೆಂಗ ಗೊತ್ತಾತ್ರಿ?”

“ಉಳದವ್ರೆಲ್ಲಾ ಓದಿ ನಕ್ರು. ನೀವೊಬ್ರ ನಗಲಿಲ್ಲ. ಯಾರ್ಯಾರ ನಗತಾರ ಅಂತ ಎಣಿಸಿಕೋತ ಕುಂತಿದ್ರಿ.”

ಮೂವತ್ತು ವರ್ಷಗಳಿಂದ ನಾನು ವೇದಿಕೆಗಳ ಮೇಲೆ ಮಾಡುತ್ತ ಬಂದಿರುವುದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ನಾನು ತಲೆ ತಗ್ಗಿಸಿ ಸಾರು ಕುಡಿದೆ. “ದೊಡ್ಡಕ್ಕಾರಿಗೆ ಸಿಟ್ಟ ಬಂದಿತ್ತೇನ್ರಿ?”

“ಅಕೀಗೆ ಓದಾಕ ಎಲ್ಲಿ ಬರತಿತ್ರೀ? ನನ್ನ ಕಡಿಂದ ಎರಡ ಸಲ ಓದಿಸಿದ್ಲು. ಒಲಿ ಮುಂದ ಕುಂತ ಒಬ್ಬಾಕೀನ ನಕ್ಕಳು. ಆಮ್ಯಾಲ ಅಂದ್ಲು, ಪಾಪ, ಆ ಹೊಸಾ ಮಾಸ್ತರಗ ಹಸಿವು ಭಾಳ ಐತಿ ಕಾಣತೈತಿ, ಇನ್ನ ಮ್ಯಾಲ ಅವರಿಗೆ ಸೌಟು ತಳದ ತನಕಾ ಇಳಿಸಿ ನೀಡವಾ, ಅಂತ. ನೀವು ಮದವಿ ಆಗಿ ಹೋಗೂತನಕಾ ನಿಮಗ ತಳದ ಬ್ಯಾಳಿನ ನೀಡೇನಿ.”

ಪದ್ಯ ಅಂಟಿಸಿದ ವಾರದಿಂದ ಸಾರು ಗಟ್ಟಿಯಾದದ್ದು ನನಗೆ ಚೆನ್ನಾಗಿ ನೆನಪಿದೆ. ಸಾಹಿತ್ಯಕ್ಕೆ ಎಂಥ ಶಕ್ತಿ ಇದೆ ಎಂದು ಎಷ್ಟೋ ತರಗತಿಗಳಲ್ಲಿ, ಎಷ್ಟೋ ಉಪನ್ಯಾಸಗಳಲ್ಲಿ ನಾನು ಈ ಉದಾಹರಣೆ ಕೊಟ್ಟಿದ್ದೇನೆ. ನಾಲ್ಕು ಸಾಲಿನಿಂದ ಒಂದು ಖಾನಾವಳಿಯ ಸಾರನ್ನೇ ಬದಲಿಸಿದೆ ಎಂದು. ಬದಲಾದದ್ದು ನನ್ನ ಬಟ್ಟಲು ಮಾತ್ರ. ಉಳಿದವರು ಪಾಪ ಅದೇ ನೀರು ಸಾರಿನಲ್ಲಿ ಉಂಡು ಎದ್ದಿದ್ದರು. ಇದು ಗೊತ್ತಾದಾಗ ನಾನು ನಿಜವಾಗಿ ಅತ್ತೆ. ಮೂಗು ಸೀಟಿದೆ. ಬಿಕ್ಕಳಿಕೆ ಬಂತು. ಸಣ್ಣಕ್ಕ ನನ್ನ ಬೆನ್ನು ತಟ್ಟಿ, “ನೀರ ಕುಡೀರಿ, ನೀರ ಕುಡೀರಿ” ಎನ್ನುತ್ತ ಇನ್ನೊಂದು ರೊಟ್ಟಿ ಹಾಕಿದರು.

ಆಗ ಮೈಕಿನವರು ಓಡುತ್ತ ಬಂದು ಬಾಗಿಲಲ್ಲಿ ನಿಂತರು. ಮುಖ ಬಿಳಿಚಿತ್ತು.

“ಸರ, ಮೈಕ್ ಚಾಲೂ ಐತ್ರಿ!”

ಕೆಳಗೆ ನೋಡಿದೆ. ಎರಡನೆಯ ಗುಂಡಿಯ ಹತ್ತಿರ ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಭವನದಿಂದ ಭಾಷಣದ ಸದ್ದು ಬರುತ್ತಿರಲಿಲ್ಲ. ಬಹಳ ಹೊತ್ತಿನಿಂದ ಬರುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ರೊಟ್ಟಿ ಮುರಿದದ್ದು, ಸಾರು ಸೊರ್ ಎಂದದ್ದು, ಸಿಮೆಂಟು ವ್ಯಾಪಾರಿ, ಎಡಗೈಯ ಪದ್ಯ, ಮೂಗು, ಬಿಕ್ಕಳಿಕೆ, ಎಲ್ಲವನ್ನೂ ಇಡೀ ಸಭೆ ಕುಳಿತು ಕೇಳಿತ್ತು.

ಹಿಂದಿನ ಬಾಗಿಲಿನಿಂದ ಹಾಗೆಯೇ ಬಸ್ ನಿಲ್ದಾಣಕ್ಕೆ ಹೋಗಿಬಿಡೋಣ ಎಂದು ಎದ್ದೆ. ಸಣ್ಣಕ್ಕ ಬಿಡಲಿಲ್ಲ. ವೇದಿಕೆಗೆ ಬಂದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಿದ್ದರು, ಕೆಲವರು ಎರಡನ್ನೂ ಮಾಡುತ್ತಿದ್ದರು. ಮುಖ್ಯ ಅತಿಥಿಗಳು ತಮ್ಮ ಭಾಷಣದ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ನಿಂತಿದ್ದರು. “ಆ ನೀರ ಸಾರ ಕುಡದವ್ರಾಗ ನಾನೂ ಒಬ್ಬ” ಎಂದು ನನ್ನ ಕಡೆ ನೋಡಿ ಹೇಳಿದರು. ಆಮೇಲೆ ತಮಗೆ ಜ್ವರ ಬಂದಾಗ ದೊಡ್ಡಕ್ಕ ಖೋಲಿಗೇ ಅಂಬಲಿ ಕಳಿಸಿದ್ದನ್ನು ಹೇಳಿದರು. ಅವರ ನಂತರ ಒಬ್ಬ ವಕೀಲರು ಎದ್ದರು, ನಂತರ ಒಬ್ಬ ನರ್ಸಮ್ಮ, ನಂತರ ಹಿಂದಿನ ಸಾಲಿನಿಂದ ಒಬ್ಬ ಬಸ್ ಕಂಡಕ್ಟರು. ಯಾರೂ ದಾರಿದೀಪ ಎನ್ನಲಿಲ್ಲ. ಏನು ಉಂಡೆವು, ಯಾವಾಗ ಉಂಡೆವು ಎಂದಷ್ಟೇ ಹೇಳಿದರು. ಎರಡು ತಾಸು ನಡೆಯಿತು. ನನಗೆ ನಿರೂಪಿಸಲು ಏನೂ ಉಳಿಯಲಿಲ್ಲ. ಒಂದು ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳಿದೆ, ಮೈಕು ಬಂದ್ ಆಗಿದೆಯೇ ಎಂದು ನಡುನಡುವೆ ನೋಡಿಕೊಂಡೆ.

ನಾನು ಬೈಲಹೊಂಗಲ ಮುಟ್ಟುವ ಮೊದಲೇ ವಿಡಿಯೊ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಬರೇ ಸಪ್ಪಳ ಬಂದೈತೋ, ಅತ್ತದ್ದೂ ಬಂದೈತೋ?” ಎಂದು ಕೇಳಿದೆ.

“ಎರಡೂ ಬಂದಾವ. ಸಂಗೊಳ್ಳಿಯೊಳಗ ನಮ್ಮ ತಮ್ಮ ಅಳೂದನ್ನ ತಗದು ಸಪ್ಪಳ ಅಷ್ಟ ಕತ್ತರಿಸಿ ಎಲ್ಲಾರಿಗೂ ಕಳಿಸ್ಯಾನ.” ಒಳಗೆ ಹೋಗುತ್ತ ತಿರುಗಿ ಕೇಳಿದಳು, “ಅಲ್ಲೆ ಎಷ್ಟ ರೊಟ್ಟಿ ತಿಂದ್ರಿ?”

“ನಾಕು.”

“ಮನ್ಯಾಗ ಮಾತ್ರ ವಿಶ್ರಾಂತಿ” ಎಂದಳು. ಮರುದಿನ ಬೆಳಿಗ್ಗೆ ಅವಳು ಇಟ್ಟ ಅವಲಕ್ಕಿಯ ತಾಟನ್ನು ನಾನು ಸರಿಸಲಿಲ್ಲ.

ಸೋಮವಾರ ಹತ್ತನೆಯ ತರಗತಿಗೆ ಹೋದಾಗ ಮಕ್ಕಳ ಮುಖ ನೋಡಿಯೇ ತಿಳಿಯಿತು, ಅವರೂ ನೋಡಿದ್ದಾರೆ. ನಾನು ಹಾಜರಿ ತೆಗೆದುಕೊಂಡು ಪುಸ್ತಕ ತೆರೆದೆ. ಎರಡನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಇಡೀ ತರಗತಿಯ ಪರವಾಗಿ ಕೇಳಲು ಅವಳನ್ನು ಆರಿಸಿದ್ದರೆಂದು ಕಾಣುತ್ತದೆ.

“ಸರ, ಹಸಿವ್ಯಾದಾಗ ಹೊಟ್ಟಿ ಯಾಕ ಗುಡುಗುಡು ಅಂತೈತ್ರಿ?”

“ಗುಡುಗುಡು ಅನ್ನೂದು ಅನುಕರಣಾವ್ಯಯ” ಎಂದೆ. “ಪಟಪಟ, ದಬದಬ, ಚಟಚಟ ಇದ್ದಂಗ. ಪರೀಕ್ಷಾಕ ಬರತೈತಿ, ಬರಕೋರಿ.”

“ಅದು ವ್ಯಾಕರಣ ಆತ್ರಿ ಸರ. ಕಾರಣ ಏನ್ರಿ?”

ಐವತ್ಮೂರು ವರ್ಷ ಹೊಟ್ಟೆಯ ಜೊತೆ ಬಾಳಿದ್ದೇನೆ, ಒಂದು ತಿಂಗಳು ಅದರ ಗಲಾಟೆ ಕೇಳಿದ್ದೇನೆ, ಕಾರಣ ನನಗೆ ಗೊತ್ತಿರಲಿಲ್ಲ. “ಒಳಗ ಆಮ್ಲ ಕುದಿಯತೈತಿ” ಎಂದೆ. ಅವಳು ನಂಬಲಿಲ್ಲ. ಅವಳ ಮುಖ ನೋಡಿ ನನಗೂ ನಂಬಿಕೆ ಹೋಯಿತು. “ನಾಳೆ ಹೇಳತೇನಿ” ಎಂದು ಒಪ್ಪಿಕೊಂಡೆ.

ಸಂಜೆ ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆ. ಅವರೂ ವಿಡಿಯೊ ನೋಡಿದ್ದರು. ಮೇಜಿನ ಮೇಲೆ ಮಲಗಿಸಿ, ಹೊಟ್ಟೆಯ ನಾಲ್ಕು ಕಡೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

“ಏನಾರ ದೊಡ್ಡ ಕಾಯಿಲೆ ಐತೇನ್ರಿ?”

“ಏನೂ ಇಲ್ರಿ. ಹೊಟ್ಟಿ, ಕರಳು ಅಂದ್ರ ಒಂದ ಉದ್ದನ ಕೊಳವಿ. ಅದರ ಗ್ವಾಡಿ ಹಿಂಡಿ ಹಿಂಡಿ ಒಳಗಿದ್ದದ್ದನ್ನ ಮುಂದ ದಬ್ಬತೈತಿ. ಉಂಡಾಗೂ ಸಪ್ಪಳ ಇರತೈತಿ, ಆದರ ಊಟ ತುಂಬಿರತೈತಲ್ಲ, ಹೊರಗ ಕೇಳಂಗಿಲ್ಲ. ಉಂಡದ್ದೆಲ್ಲಾ ಮುಂದ ಹೋಗಿ ಖಾಲಿ ಆತಂದ್ರ, ಒಂದೂವರಿ, ಎರಡ ತಾಸಿಗೊಮ್ಮೆ ಮ್ಯಾಲಿನಿಂದ ಕೆಳಗಿನ ತನಕಾ ಕಸಾ ಹೊಡದಂಗ ಒಂದು ದೊಡ್ಡ ಅಲೆ ಬರತೈತಿ. ಆವಾಗ ಒಳಗಿನ ಗಾಳಿ, ನೀರು ಕೂಡಿ ಸಪ್ಪಳ ಮಾಡತಾವ. ಖಾಲಿ ಮನ್ಯಾಗ ಮಾತಾಡಿದ್ರ ದನಿ ದೊಡ್ಡದ ಆಗತೈತಲ್ಲ, ಹಂಗ.”

“ಅಡಗಿ ವಾಸನಿ ಬಂದಾಗ ಹೆಚ್ಚಾಗತೈತಲ್ರಿ?”

“ಆಗತೈತಿ. ವಾಸನಿ ಬಂದರ ಮಿದುಳು ಕರಳಿಗೆ ಹೇಳಿ ಕಳಸತೈತಿ, ಊಟ ಬರಾಕತ್ತೈತಿ, ತಯಾರಾಗು ಅಂತ.” ಕೊಳವೆ ತೆಗೆದು ಕೊರಳಿಗೆ ಹಾಕಿಕೊಂಡರು. “ಸಪ್ಪಳ ಬಂದರ ನಮಗ ಚಿಂತಿ ಇಲ್ರಿ ಮಾಸ್ತರ. ಆಪರೇಶನ್ ಆದವರ ಹೊಟ್ಟ್ಯಾಗ ಯಾವಾಗ ಸಪ್ಪಳ ಬಂದೀತು ಅಂತ ನಾವು ಕಾಯತೇವಿ.”

ಮರುದಿನ ನನ್ನ ಪಿರಿಯಡ್ಡು ಬಿಸಿಯೂಟಕ್ಕೆ ಮೊದಲಿನದು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅರ್ಧ ನೀರಿದ್ದ ಬಾಟಲಿಯನ್ನು ಅಲುಗಿಸಿ ತೋರಿಸಿದೆ, ತುಂಬಿದ ಬಾಟಲಿಯನ್ನು ಅಲುಗಿಸಿದೆ, ಅದು ಸುಮ್ಮನಿತ್ತು. ಎರಡನೆಯ ಬೆಂಚಿನ ಹುಡುಗಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನೋಟ್‌ಬುಕ್ಕನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಗೆಳತಿಯ ಹೊಟ್ಟೆಗೆ, ಇನ್ನೊಂದು ತುದಿ ತನ್ನ ಕಿವಿಗೆ ಹಿಡಿದಳು. “ಬಂತ್ರಿ ಸರ!” ಎಂದಳು. ಮರುಕ್ಷಣದಲ್ಲಿ ಎಲ್ಲ ಬೆಂಚುಗಳಲ್ಲೂ ನೋಟ್‌ಬುಕ್ಕುಗಳು ಸುತ್ತಿಕೊಂಡವು. ಹನ್ನೆರಡು ವರ್ಷಗಳಿಂದ ಆ ಶಾಲೆಯಲ್ಲಿದ್ದೇನೆ, ಹತ್ತನೆಯ ತರಗತಿ ಅಷ್ಟು ಸದ್ದಿಲ್ಲದೆ ಕುಳಿತದ್ದನ್ನು ನೋಡಿರಲಿಲ್ಲ. ಯಾರದೋ ಹೊಟ್ಟೆ ಕಪ್ಪೆಯಂತೆ, ಯಾರದೋ ಬಾಗಿಲಿನಂತೆ. ಮಕ್ಕಳು ಕಣ್ಣರಳಿಸಿ ಒಬ್ಬರದನ್ನೊಬ್ಬರು ಕೇಳಿದರು, ಯಾರೂ ಯಾರನ್ನೂ ನಗೆಯಾಡಲಿಲ್ಲ.

ಆ ಮೌನ ಕಂಡು ಅನುಮಾನ ಬಂದು ನಮ್ಮ ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದರು. ಅವರು ಕಟ್ಟುನಿಟ್ಟಿನವರು.

“ಏನ ನಡದೈತ್ರಿ ಸರ ಇಲ್ಲೆ? ಇದು ಕನ್ನಡದ ಪಿರಿಯಡ್ ಅಲ್ಲೇನ್ರಿ?”

ನಾನು ಅನುಕರಣಾವ್ಯಯದ ಪ್ರಾಯೋಗಿಕ ಪಾಠ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಿಸಿಯೂಟದ ಕೋಣೆಯಿಂದ ಸಾಂಬಾರಿನ ವಾಸನೆ ವರಾಂಡದ ಉದ್ದಕ್ಕೂ ಬಂತು. ಬಾಗಿಲ ಹತ್ತಿರದಿಂದ, ಇಸ್ತ್ರಿ ಮಾಡಿದ ಇಳಕಲ್ ಸೀರೆಯ ಒಳಗಿಂದ, ಉದ್ದನೆಯ ಒಂದು ಗುರ್ ಕೇಳಿತು. ಮೂವತ್ತೆಂಟು ಮಕ್ಕಳೂ ಕಿವಿಗಿಟ್ಟ ನೋಟ್‌ಬುಕ್ಕುಗಳನ್ನು ಕೆಳಗಿಳಿಸಿ ಬಾಗಿಲ ಕಡೆ ನೋಡಿದರು.

ಅವರು ಕೈಗಡಿಯಾರ ನೋಡಿಕೊಂಡರು. ಊಟಕ್ಕೆ ಇನ್ನೂ ಆರು ನಿಮಿಷ ಇತ್ತು.

“ಗಂಟಿ ಹೊಡಸ್ರಿ” ಎಂದರು.